ಹತ್ತು ಲಕ್ಷದ ‘ರೇಸರ್’ ಐವತ್ತು ಲಕ್ಷದ ಜಿಟಿಐಗೆ ಸಾಟಿಯಾ?

ಸಿಲ್ಕ್ ಬೋರ್ಡ್ ಹತ್ರ ಫಸ್ಟ್ ಗೇರಲ್ಲಿ ತೆವಳ್ತಿರೋರಿಗೆ, ವೈಟ್‌ಫೀಲ್ಡ್ ಮೆಟ್ರೋದಲ್ಲಿ ನಿಂತ್ಕೊಂಡೇ ಕೇಳ್ತಿರೋರಿಗೆ, ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಹೊರಟಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ನಿಮ್ಮ ವಾಯ್ಸ್ ನೋಟ್‌ಗಳಿಂದಲೇ ಬಂದಿದ್ದು. ಧ್ವನಿ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: “ಬ್ರೋ, ಹತ್ತು ಹನ್ನೆರಡು ಲಕ್ಷ ಬಜೆಟ್ ಇದೆ. ಐ20 ಎನ್ ಲೈನ್ ಥರದ್ದು ತಗೊಂಡ್ರೆ ಗೋಲ್ಫ್ ಜಿಟಿಐ ಮಜಾ ಎಷ್ಟು ಪರ್ಸೆಂಟ್ ಸಿಗುತ್ತೆ? ಇಲ್ಲಾಂದ್ರೆ ಅದೇ ದುಡ್ಡಲ್ಲಿ ಹಳೇ ಜರ್ಮನ್ ಕಾರಿಗೆ ಕೈ ಹಾಕ್ಲಾ?”

ಮೊದಲೇ ಹೇಳಿಬಿಡ್ತೀನಿ. ಪೇಪರ್ ಮೇಲೆ ಸಾಟಿ ಅಲ್ಲ, ಹತ್ತಿರಾನೂ ಇಲ್ಲ. ಆದರೆ ಯಾಕೆ ಸಾಟಿ ಅಲ್ಲ ಅನ್ನೋ ಕಾರಣ ಗೊತ್ತಾದ್ರೆ, ದುಡ್ಡು ಎಲ್ಲಿ ಹಾಕಬೇಕು ಅನ್ನೋದು ನಿಮಗೇ ಹೊಳೆಯುತ್ತೆ. ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ಮೊದಲು ನಂಬರ್

ಹ್ಯುಂಡೈ ಐ20 ಎನ್ ಲೈನ್ 2021ರಲ್ಲಿ ಬಂತು. 1 ಲೀಟರ್ ಟರ್ಬೊ ಪೆಟ್ರೋಲ್, 120 ಪಿಎಸ್ ಪವರ್, 172 ಎನ್‌ಎಂ ಟಾರ್ಕ್. 2023ರಲ್ಲಿ ಹೊಸ ರೂಪದಲ್ಲಿ ಬಂದಾಗ ಶುರುವಿನ ಬೆಲೆ 9.99 ಲಕ್ಷ. ಟಾಟಾ ಆಲ್ಟ್ರೋಜ್ ರೇಸರ್ 2024ರ ಜೂನ್‌ನಲ್ಲಿ ಬಂತು. 1.2 ಲೀಟರ್ ಟರ್ಬೊ, ಅದೂ 120 ಪಿಎಸ್, 170 ಎನ್‌ಎಂ, ಶುರುವಿನ ಬೆಲೆ 9.49 ಲಕ್ಷ. 

ಆ ಕಡೆ ಫೋಕ್ಸ್‌ವ್ಯಾಗನ್ ಗೋಲ್ಫ್ ಜಿಟಿಐ. 2025ರ ಮೇನಲ್ಲಿ 53 ಲಕ್ಷಕ್ಕೆ ಬಂತು. 2 ಲೀಟರ್ ಟರ್ಬೊ, 265 ಪಿಎಸ್, 370 ಎನ್‌ಎಂ. ಸೊನ್ನೆಯಿಂದ ನೂರಕ್ಕೆ 5.9 ಸೆಕೆಂಡ್ ಅಂತ ಕಂಪನಿ ಹೇಳುತ್ತೆ. ಇನ್ನೂ ಮೇಲೆ ಹೋದ್ರೆ ಮರ್ಸಿಡಿಸ್-ಎಎಂಜಿ ಎ 45 ಎಸ್. 2021ರಲ್ಲಿ ಬಂದಾಗ 79.5 ಲಕ್ಷ, 421 ಪಿಎಸ್, 3.9 ಸೆಕೆಂಡ್. ಅದೂ ಹ್ಯಾಚ್‌ಬ್ಯಾಕೇ! ನಾನು ಹೇಳ್ತಿರೋ ಬೆಲೆಗಳೆಲ್ಲ ಕಾರು ಬಿಡುಗಡೆಯಾದಾಗಿನ ಎಕ್ಸ್‌ಶೋರೂಮ್ ಬೆಲೆ.

ಈಗ ಒಂದು ಸಣ್ಣ ಭಾಗಾಕಾರ. ಒಂದು ಲಕ್ಷ ರೂಪಾಯಿಗೆ ಎಷ್ಟು ಪಿಎಸ್ ಸಿಗುತ್ತೆ? ಎನ್ ಲೈನ್‌ನಲ್ಲಿ 12. ಆಲ್ಟ್ರೋಜ್ ರೇಸರ್‌ನಲ್ಲಿ ಹನ್ನೆರಡೂವರೆ. ಗೋಲ್ಫ್‌ನಲ್ಲಿ 5. ಎಎಂಜಿಯಲ್ಲಿ ಐದಕ್ಕಿಂತ ಸ್ವಲ್ಪ ಜಾಸ್ತಿ. ಮೊದಲ ನೂರು ಪಿಎಸ್ ಅಗ್ಗ, ಆಮೇಲಿನ ಒಂದೊಂದು ಪಿಎಸ್ಸೂ ದುಬಾರಿ. 

1200 ಸಿಸಿ ಅನ್ನೋ ಗೋಡೆ

ಇಲ್ಲಿ ಒಂದು ತಮಾಷೆ ಗಮನಿಸಿ. ನಮ್ಮಲ್ಲಿ ಬಂದ ಸ್ಪೋರ್ಟಿ ಹ್ಯಾಚ್‌ಗಳ ಇಂಜಿನ್ ಸೈಜ್ ಸಾಲಾಗಿ ಹೇಳ್ತೀನಿ. 2013ರ ಪೋಲೊ ಜಿಟಿ ಟಿಎಸ್‌ಐ, 1197 ಸಿಸಿ. 2017ರ ಬಲೆನೊ ಆರ್‌ಎಸ್, 998 ಸಿಸಿ. ಐ20 ಎನ್ ಲೈನ್, 998 ಸಿಸಿ. ಆಲ್ಟ್ರೋಜ್ ರೇಸರ್, 1199 ಸಿಸಿ. ಒಂದೂ 1200 ದಾಟಿಲ್ಲ. ಯಾವುದೂ ನಾಲ್ಕು ಮೀಟರ್‌ಗಿಂತ ಉದ್ದಾನೂ ಇಲ್ಲ. ಐ20 ಎಷ್ಟುದ್ದ ಗೊತ್ತಾ? 3995 ಮಿಲಿಮೀಟರ್. ಐದೇ ಮಿಲಿಮೀಟರ್ ಬಾಕಿ!

ಇದು ಇಂಜಿನಿಯರ್ ಎಳೆದ ಗೆರೆ ಅಲ್ಲ, ಬಜೆಟ್ ಎಳೆದ ಗೆರೆ. 2006ರ ಕೇಂದ್ರ ಬಜೆಟ್‌ನಲ್ಲಿ ‘ಸಣ್ಣ ಕಾರು’ ಅಂದ್ರೆ ಏನು ಅಂತ ಒಂದು ವ್ಯಾಖ್ಯೆ ಕೊಟ್ಟರು. ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಆದ್ರೆ 1200 ಸಿಸಿ ಒಳಗೆ, ಡೀಸೆಲ್ ಆದ್ರೆ 1500 ಸಿಸಿ ಒಳಗೆ. ಅಂಥ ಕಾರಿಗೆ ಎಕ್ಸೈಸ್ ಸುಂಕ 24ರಿಂದ 16 ಪರ್ಸೆಂಟ್‌ಗೆ ಇಳೀತು. ಜಿಎಸ್‌ಟಿ ಬಂದ್ರೂ ಆ ಗೆರೆ ಹೋಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ 18 ಪರ್ಸೆಂಟ್, ಆಚೆಗಿನ ಕಾರಿಗೆ 40 ಪರ್ಸೆಂಟ್. 

ಈ ಗೆರೆ ದಾಟಿದವರೂ ಇದ್ದಾರೆ. 2015ರಲ್ಲಿ ಫಿಯೆಟ್ ಅಬಾರ್ಥ್ ಪುಂಟೊ ಬಂತು. 1.4 ಲೀಟರ್ ಟರ್ಬೊ, 145 ಪಿಎಸ್, 212 ಎನ್‌ಎಂ, ಬೆಲೆ 9.95 ಲಕ್ಷ. ಒಂದು ಲಕ್ಷಕ್ಕೆ ಹದಿನಾಲ್ಕೂವರೆ ಪಿಎಸ್! ಓಡಿಸಿದವರು ಇವತ್ತಿಗೂ ಅದನ್ನ ನೆನೆಸ್ಕೊಳ್ತಾರೆ. ಆದ್ರೆ ನೆನೆಸ್ಕೊಳ್ಳೋರು ಜಾಸ್ತಿ, ಕೊಂಡವರು ಕಡಿಮೆ. ಕೆಲವೇ ವರ್ಷಕ್ಕೆ ಕಥೆ ಮುಗೀತು. 2016ರಲ್ಲಿ ಮೂರು ಬಾಗಿಲಿನ ಪೋಲೊ ಜಿಟಿಐ ಬಂತು. 192 ಪಿಎಸ್, ನಿಜವಾದ ಹಾಟ್ ಹ್ಯಾಚ್. ಬೆಲೆ 25 ಲಕ್ಷದ ಮೇಲೆ. ಪೋಲೊ ಮುಖ ನೋಡಿ 25 ಲಕ್ಷ ಯಾರು ಕೊಡ್ತಾರೆ ಹೇಳಿ?

ಹಾಗಂತ ನಮ್ಮ ಊರಿಗೆ ಇದೆಲ್ಲ ಗೊತ್ತಿಲ್ಲ ಅಂದ್ಕೋಬೇಡಿ. ಮರ್ಸಿಡಿಸ್‌ನ ಆರ್ ಆ್ಯಂಡ್ ಡಿ ಕೇಂದ್ರ ಇರೋದು ವೈಟ್‌ಫೀಲ್ಡ್‌ನಲ್ಲಿ. ಬಾಷ್‌ನವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಕಾರಿನ ಸಾಫ್ಟ್‌ವೇರ್ ಬರೀತಾರೆ. ಪೀಣ್ಯದ ಸಿಎನ್‌ಸಿ ಮಷಿನ್‌ಗಳಲ್ಲಿ ದಿನಾ ಕಾರಿನ ಬಿಡಿಭಾಗ ತಯಾರಾಗುತ್ತೆ. ಇದನ್ನ ಕೇಳ್ತಿರೋರಲ್ಲೇ ಎಷ್ಟೋ ಜನ ಆ ಕೆಲಸ ಮಾಡ್ತಿದ್ದೀರಿ. ಕೈಯಲ್ಲಿ ಕಲೆ ಇದೆ. ಲೆಕ್ಕ ಕೂಡಿ ಬರ್ತಿಲ್ಲ, ಅಷ್ಟೇ.

ಬ್ಯಾಡ್ಜ್ ಓದೋದು ಹೇಗೆ?

ಹ್ಯುಂಡೈನಲ್ಲಿ ‘ಎನ್’ ಬೇರೆ, ‘ಎನ್ ಲೈನ್’ ಬೇರೆ. ಯೂರೋಪಿನಲ್ಲಿ ಮಾರಿದ ಅಸಲಿ ಐ20 ಎನ್‌ಗೆ 1.6 ಲೀಟರ್ ಟರ್ಬೊ, 204 ಪಿಎಸ್, ನೂರಕ್ಕೆ 6.2 ಸೆಕೆಂಡ್. ಅದು ನಮಗೆ ಬರಲೇ ಇಲ್ಲ. ನಮಗೆ ಬಂದ ಎನ್ ಲೈನ್‌ನಲ್ಲಿ 2021ರಲ್ಲಿ ಇದ್ದದ್ದು ಮಾಮೂಲಿ ಐ20 ಟರ್ಬೊದ್ದೇ ಇಂಜಿನ್. ಸಸ್ಪೆನ್ಷನ್ ಸ್ವಲ್ಪ ಗಟ್ಟಿ, ಸ್ಟೀರಿಂಗ್ ಸ್ವಲ್ಪ ತೂಕ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಎಕ್ಸಾಸ್ಟ್‌ಗೆ ಬೇರೆ ದನಿ. ಒಳ್ಳೆ ಬದಲಾವಣೆಗಳೇ, ಇಲ್ಲ ಅನ್ನಲ್ಲ. ಆದ್ರೆ ಕೆಂಪು ಹೊಲಿಗೆ ಸೀಟಿಂದ ಸೆಕೆಂಡ್ ಕಡಿಮೆ ಆಗಲ್ಲ.

ಹಾಗಾದ್ರೆ ಗೋಲ್ಫ್‌ನಲ್ಲಿ ಆ ಹೆಚ್ಚಿನ ದುಡ್ಡು ಎಲ್ಲಿಗೆ ಹೋಗುತ್ತೆ? ಕಣ್ಣಿಗೆ ಕಾಣದ ಜಾಗಕ್ಕೆ. ಟೈರ್ ನೋಡಿ. ಆಲ್ಟ್ರೋಜ್ ರೇಸರ್‌ದು 185 ಅಗಲ, ಎನ್ ಲೈನ್‌ದು 195, ಗೋಲ್ಫ್‌ದು 225. ಹಿಂದಿನ ಸಸ್ಪೆನ್ಷನ್ ನೋಡಿ. ನಮ್ಮ ಹ್ಯಾಚ್‌ಗಳಲ್ಲಿ ಎರಡೂ ಹಿಂದಿನ ಚಕ್ರ ಒಂದೇ ಅಡ್ಡ ತೊಲೆಗೆ ಕಟ್ಟಿರುತ್ತೆ. ಒಂದು ಚಕ್ರ ಗುಂಡಿಗೆ ಬಿದ್ರೆ ಇನ್ನೊಂದಕ್ಕೂ ಸುದ್ದಿ ಮುಟ್ಟುತ್ತೆ. ಗೋಲ್ಫ್‌ನಲ್ಲಿ ಮಲ್ಟಿ-ಲಿಂಕ್, ಒಂದೊಂದು ಚಕ್ರವೂ ಸ್ವತಂತ್ರ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಚಕ್ರ ಸುಮ್ಮನೆ ತಿರುಗಿ ಪವರ್ ಹಾಳು ಮಾಡದ ಹಾಗೆ ನೋಡ್ಕೊಳ್ಳೋ ಡಿಫರೆನ್ಷಿಯಲ್ ಲಾಕ್ ಇದೆ. ಪವರ್ ರಿಮ್ಯಾಪ್ ಮಾಡಿ ಹೆಚ್ಚಿಸಬಹುದು. ಇದನ್ನೆಲ್ಲ ಲ್ಯಾಪ್‌ಟಾಪ್ ಇಟ್ಕೊಂಡು ಕೂರಿಸೋಕಾಗಲ್ಲ.

ನಮ್ಮ ರಸ್ತೆಗೆ ಬನ್ನಿ

ಟಾಮ್‌ಟಾಮ್ ಲೆಕ್ಕದ ಪ್ರಕಾರ 2024ರಲ್ಲಿ ಬೆಂಗಳೂರಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 34 ನಿಮಿಷ ಬೇಕಾಗಿತ್ತು. ಅಂದ್ರೆ ಗಂಟೆಗೆ 18 ಕಿ.ಮೀ. ಕೂಡ ಇಲ್ಲ. ಮಾರತಹಳ್ಳಿಯಿಂದ ಹೋಪ್ ಫಾರ್ಮ್ ತನಕ 265 ಪಿಎಸ್ ಏನ್ ಮಾಡುತ್ತೆ? 120 ಪಿಎಸ್ ಏನ್ ಮಾಡುತ್ತೋ ಅದನ್ನೇ: ಪಕ್ಕದ ಆಕ್ಟಿವಾದವರು ಮುಂದೆ ಹೋಗೋದನ್ನ ನೋಡುತ್ತೆ.

ಖಾಲಿ ರಸ್ತೆ ಅಂತೀರಾ? ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಮಿತಿ 80. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100, ಜೊತೆಗೆ ಕ್ಯಾಮೆರಾ. 2024ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ 130 ದಾಟಿದ್ರೆ ಎಫ್‌ಐಆರ್. ಗೋಲ್ಫ್ 6 ಸೆಕೆಂಡ್‌ಗೆ ನೂರು ಮುಟ್ಟುತ್ತೆ. ಅಲ್ಲಿಂದ ಎಫ್‌ಐಆರ್ ಗಡಿಗೆ ಇನ್ನು ಕೆಲವೇ ಸೆಕೆಂಡ್. ಆ ಕಾರಿನ ಮುಕ್ಕಾಲು ಶಕ್ತಿ ಹೊರಗೆ ಬರೋ ಜಾಗ ನಮ್ಮೂರಲ್ಲಿ ಇಲ್ಲ.

ಸಣ್ಣ ಕಾರಿನ ಗೆಲುವು ಇಲ್ಲೇ ಇರೋದು. ಸೆಕೆಂಡ್ ಗೇರಲ್ಲಿ ಟರ್ಬೊ ಎದ್ದು ಬರೋದು, ಥರ್ಡ್‌ಗೆ ಹಾಕಿ ಒಂದು ಲಾರಿ ಓವರ್‌ಟೇಕ್ ಮಾಡೋದು, ಬೆಳಗಿನ ಜಾವ ಹೊಸಕೋಟೆಗೆ ಬಿರಿಯಾನಿ ತಿನ್ನೋಕೆ ಹೋಗೋ ದಾರಿ, ಚಿಕ್ಕಮಗಳೂರಿನ ತಿರುವು. ಎಲ್ಲಾ ಕಡೆ 120 ಪಿಎಸ್ ಪೂರ್ತಿ ಬಳಸಬಹುದು, ಕಾನೂನಿನ ಒಳಗೇ. ಐದರಲ್ಲಿ ಒಂದು ಪಾಲು ಬೆಲೆ ಕೊಟ್ಟು ಕಾರನ್ನ ಪೂರ್ತಿ ಓಡಿಸ್ತೀರಿ. ಅವರು ಪೂರ್ತಿ ದುಡ್ಡು ಕೊಟ್ಟು ಕಾಲುಭಾಗ ಓಡಿಸ್ತಾರೆ.

ಒಂದು ಎಚ್ಚರಿಕೆ ಮಾತ್ರ. ಡಿಸಿಟಿ ಆಟೊಮ್ಯಾಟಿಕ್ ತಗೊಳ್ಳೋರು ಕೇಳಿಸ್ಕೊಳ್ಳಿ. ಐ20ಯಲ್ಲಿ ಇರೋದು, ಹಳೇ ಪೋಲೊ ಜಿಟಿ ಟಿಎಸ್‌ಐನಲ್ಲಿ ಇದ್ದದ್ದು ಡ್ರೈ ಕ್ಲಚ್, ಅಂದ್ರೆ ಆಯಿಲ್‌ನಲ್ಲಿ ಮುಳುಗಿರಲ್ಲ. ಗೋಲ್ಫ್ ಜಿಟಿಐನಲ್ಲಿ ವೆಟ್ ಕ್ಲಚ್. ಬಂಪರ್‌ಗೆ ಬಂಪರ್ ಟ್ರಾಫಿಕ್‌ನಲ್ಲಿ ಡ್ರೈ ಕ್ಲಚ್ ಬೇಗ ಬಿಸಿ ಆಗುತ್ತೆ. ದಿನಾ ಔಟರ್ ರಿಂಗ್ ರೋಡೇ ನಿಮ್ಮ ಗತಿ ಆದ್ರೆ, ಬ್ರೇಕ್ ಬಿಟ್ಟು ಬಿಟ್ಟು ಇಂಚಿಂಚು ಮುಂದೆ ಹೋಗೋ ಅಭ್ಯಾಸ ಬಿಡಿ. ಮುಂದೆ ಸ್ವಲ್ಪ ಜಾಗ ಆಗಲಿ, ಆಮೇಲೆ ಹೋಗಿ. ವೀಕೆಂಡ್ ಗಾಡಿ ಆದ್ರೆ ಮ್ಯಾನ್ಯುಯಲ್ಲೇ ಮಜಾ. ಈಗಂತೂ ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಮೂರಕ್ಕೂ ಮೆಟ್ರೋ ಇದೆ. ಆಫೀಸಿಗೆ ಮೆಟ್ರೋ, ಭಾನುವಾರಕ್ಕೆ ಕಾರು.

ಜೇಬಿನ ಲೆಕ್ಕ

ಕರ್ನಾಟಕದಲ್ಲಿ ಲೈಫ್‌ಟೈಮ್ ರೋಡ್ ಟ್ಯಾಕ್ಸ್ 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ 14 ಪರ್ಸೆಂಟ್. 10 ದಾಟಿದ್ರೆ 17, 20 ದಾಟಿದ್ರೆ 18. ಮೇಲೆ ಸೆಸ್ ಬೇರೆ. ಗೋಲ್ಫ್‌ನ 53 ಲಕ್ಷಕ್ಕೆ 18 ಪರ್ಸೆಂಟ್ ಅಂದ್ರೆ ಎಷ್ಟಾಯ್ತು? ಒಂಬತ್ತೂವರೆ ಲಕ್ಷ. ಅಂದ್ರೆ ಅವರು ಆರ್‌ಟಿಒಗೆ ಕಟ್ಟೋ ದುಡ್ಡಲ್ಲಿ ಒಂದು ಆಲ್ಟ್ರೋಜ್ ರೇಸರ್ ಬರುತ್ತೆ!

ಇಎಂಐ ನೋಡಿ. 9 ಪರ್ಸೆಂಟ್ ಬಡ್ಡಿ, ಐದು ವರ್ಷ. 10 ಲಕ್ಷ ಸಾಲಕ್ಕೆ ತಿಂಗಳಿಗೆ ಸುಮಾರು 20,750 ರೂಪಾಯಿ. 50 ಲಕ್ಷಕ್ಕೆ 1,03,800. ಲೇಆಫ್ ಸುದ್ದಿ ಬಂದ ದಿನ ಇವೆರಡರಲ್ಲಿ ಯಾವುದು ನಿಮ್ಮನ್ನ ಮಲಗೋಕೆ ಬಿಡುತ್ತೆ ಅಂತ ನೀವೇ ಯೋಚಿಸಿ. 

ಇನ್ನು 12 ಲಕ್ಷಕ್ಕೆ ಸಿಗೋ ಎಂಟು ವರ್ಷ ಹಳೇ ಜರ್ಮನ್ ಕಾರು. ಆಸೆ ನಂಗೂ ಅರ್ಥ ಆಗುತ್ತೆ. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ: ಕಾರಿನ ಬೆಲೆ ಇಳಿಯುತ್ತೆ, ಅದರ ಪಾರ್ಟ್ಸ್ ಬೆಲೆ ಇಳಿಯಲ್ಲ. 12 ಲಕ್ಷ ಕೊಟ್ಟು ತಂದ್ರೂ ಗೇರ್‌ಬಾಕ್ಸ್‌ಗೆ, ಸಸ್ಪೆನ್ಷನ್‌ಗೆ ಬರೋ ಬಿಲ್ಲು 50 ಲಕ್ಷದ ಕಾರಿನದ್ದೇ. ಅದಕ್ಕೆ ಅಂತ ಎರಡು ಮೂರು ಲಕ್ಷ ಪಕ್ಕದಲ್ಲಿ ಇಟ್ಕೊಳ್ಳೋಕೆ ಆಗಲ್ಲ ಅಂದ್ರೆ ಆ ಕಡೆ ಹೋಗಬೇಡಿ.

ರಿಮ್ಯಾಪ್ ಬಗ್ಗೆ ಕೇಳಿದೋರಿಗೂ ಹೇಳ್ತೀನಿ. ಟರ್ಬೊ ಪೆಟ್ರೋಲ್‌ನಲ್ಲಿ ಪವರ್ ಏರುತ್ತೆ, ನಿಜ. ಆದ್ರೆ ವಾರಂಟಿಗೆ ಕುತ್ತು. ಇನ್ಶೂರೆನ್ಸ್ ಕಂಪನಿಗೆ ಹೇಳದೆ ಮಾಡಿಸಿ ನಾಳೆ ಆ್ಯಕ್ಸಿಡೆಂಟ್ ಆದ್ರೆ ಕ್ಲೇಮ್‌ಗೆ ತಕರಾರು ಬರಬಹುದು. ಅದೇ ದುಡ್ಡಲ್ಲಿ ಮೊದಲು ಒಳ್ಳೆ ಟೈರ್, ಒಳ್ಳೆ ಬ್ರೇಕ್ ಪ್ಯಾಡ್ ಹಾಕ್ಸಿ. ಉಳಿದ ದುಡ್ಡಲ್ಲಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ, ಚೆನ್ನೈ ಹತ್ರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಒಂದು ಟ್ರ್ಯಾಕ್ ಡೇ ಹೋಗಿ ಬನ್ನಿ. ನೈಸ್ ರೋಡಲ್ಲಿ ರಾತ್ರಿ ರೇಸ್ ಬೇಡ ಗುರು. ಅಲ್ಲಿ ಎದುರಿಗೆ ಬರೋದು ಫಿನಿಶ್ ಲೈನ್ ಅಲ್ಲ, ಇಂಡಿಕೇಟರ್ ಹಾಕದೆ ನಿಂತಿರೋ ಲಾರಿ. ನಮ್ಮ ಬೆಂಗಳೂರಿನ ಕರ್ಣ ಕಡೂರ್ ನ್ಯಾಷನಲ್ ರ್ಯಾಲಿ ಗೆದ್ದಿದ್ದು ಪೋಲೊ ಓಡಿಸಿ. ಕಾರು ಸಣ್ಣದು, ಕೈ ದೊಡ್ಡದು.

ಗೋಡೆ ಬೀಳ್ತಿರೋದು ಎಲ್ಲಿ?

ಕೊನೇದಾಗಿ, ಸಾಟಿ ಅನ್ನೋ ಮಾತು ನಿಜ ಆಗ್ತಿರೋದು ಪೆಟ್ರೋಲ್ ಹ್ಯಾಚ್‌ಗಳಲ್ಲಿ ಅಲ್ಲ, ಎಲೆಕ್ಟ್ರಿಕ್‌ನಲ್ಲಿ. ಮಹೀಂದ್ರ ಬಿಇ 6ರ ಮೇಲಿನ ಮಾಡೆಲ್‌ಗೆ 286 ಪಿಎಸ್, ನೂರಕ್ಕೆ 6.7 ಸೆಕೆಂಡ್ ಅಂತ ಕಂಪನಿ ಹೇಳುತ್ತೆ. ಬಂದಾಗಿನ ಬೆಲೆ 27 ಲಕ್ಷದ ಒಳಗೆ. ಗೋಲ್ಫ್‌ನ ಅರ್ಧ ಬೆಲೆ, ಹೆಚ್ಚುಕಮ್ಮಿ ಅದೇ ವೇಗ. ಹ್ಯಾಚ್ ಅಲ್ಲ, ಭಾರದ ಎಸ್‌ಯುವಿ, ಒಪ್ತೀನಿ. ಆದ್ರೆ ಯಾಕೆ ಸಾಧ್ಯ ಆಯ್ತು ನೋಡಿ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್, ಅಲ್ಲಿ ಸಿಸಿ ಅನ್ನೋ ಗೆರೆನೇ ಇಲ್ಲ. ಗೆರೆ ಎತ್ತಿದ ತಕ್ಷಣ ಕಾರು ಓಡ್ತು. ಮುಂದೆ ಯಾರಾದ್ರೂ ಇದೇ ಲೆಕ್ಕದಲ್ಲಿ ಒಂದು ಪುಟ್ಟ ಎಲೆಕ್ಟ್ರಿಕ್ ಹಾಟ್ ಹ್ಯಾಚ್ ಮಾಡಿದ್ರೆ, ಆವತ್ತು ಈ ಎಪಿಸೋಡ್‌ನ ಇನ್ನೊಂದು ಸಲ ಮಾಡ್ತೀನಿ.

ಅಲ್ಲೀತನಕ ನನ್ನ ಉತ್ತರ ಇಷ್ಟೇ. ಜಿಟಿಐನ ಸೋಲಿಸ್ತೀನಿ ಅಂತ ಎನ್ ಲೈನ್ ತಗೋಬೇಡಿ, ಬೇಜಾರಾಗುತ್ತೆ. ತಿಂಗಳ ಕೊನೆಗೆ ಅಕೌಂಟ್‌ನಲ್ಲಿ ಏನಾದ್ರೂ ಉಳೀಬೇಕು, ಭಾನುವಾರ ಬೆಳಿಗ್ಗೆ ಕೀ ತಿರುಗಿಸಿದಾಗ ಮುಖದಲ್ಲಿ ನಗೂ ಇರಬೇಕು ಅಂತಿದ್ರೆ, ಧೈರ್ಯವಾಗಿ ತಗೊಳ್ಳಿ. ಟೆಸ್ಟ್ ಡ್ರೈವ್ ಕೇಳುವಾಗ ಮಾತ್ರ ಶೋರೂಮ್ ಸುತ್ತ ಎರಡು ರೌಂಡ್ ಹೊಡೆದು ಸಹಿ ಹಾಕಬೇಡಿ. ನೀವು ದಿನಾ ಹೋಗೋ ದಾರೀಲಿ, ದಿನಾ ಹೋಗೋ ಹೊತ್ತಲ್ಲೇ ಓಡಿಸಿ ನೋಡಿ.

ನಿಮ್ಮ ಹತ್ರ ಹಳೇ ಅಬಾರ್ಥೋ, ಪೋಲೊ ಜಿಟಿನೋ ಇದ್ರೆ ವಾಯ್ಸ್ ನೋಟ್ ಕಳಿಸಿ, ಎಕ್ಸಾಸ್ಟ್ ಸೌಂಡ್ ಸಮೇತ. ಸೀಟ್ ಬೆಲ್ಟ್ ಹಾಕ್ಕೊಳ್ಳಿ. ಮುಂದಿನ ವಾರ ಸಿಗೋಣ.