ದಾರಿಯ ಮಣ್ಣು, ತೆಂಗಿನ ನಾರು
(ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ರೈತರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಇಂದು ಬೆಳಿಗ್ಗೆ ನಾವೆಲ್ಲರೂ ತೋಟದ ದಾರಿಯಲ್ಲಿ ನಡೆದು ಬಂದೆವು. ಕಾಲಿಟ್ಟರೆ ಹೂತುಹೋಗುವ ಸಡಿಲ ಮರಳುಮಣ್ಣು, ಎರಡೂ ಬದಿ ಚಕ್ರದ ಗಾಡಿ, ನಡುವೆ ಒಣಗಿದ ಹುಲ್ಲು. ಈ ದಾರಿಯನ್ನು ಯಾವ ಇಲಾಖೆಯೂ ಮಾಡಿದ್ದಲ್ಲ. ನಿಮ್ಮ ಹಿರಿಯರ ಎತ್ತಿನಗಾಡಿಗಳು ಮಾಡಿದ ದಾರಿ ಇದು. ಈಗ ಇದರ ಮೇಲೆ ಟ್ರ್ಯಾಕ್ಟರು, ಗೂಡ್ಸ್ ಆಟೋಗಳು ಓಡುತ್ತಿವೆ. ದಾರಿ ವರ್ಷದಿಂದ ವರ್ಷಕ್ಕೆ ತಗ್ಗಾಗುತ್ತಿದೆ; ಹಸ್ತ, ಚಿತ್ತೆಯ ಮಳೆ ಬಂದರೆ ದಾರಿಯೇ ಹಳ್ಳವಾಗುತ್ತದೆ.

ಇದನ್ನು ಕೇವಲ ಓಡಾಟದ ತೊಂದರೆಯೆಂದು ನಾವು ಭಾವಿಸುತ್ತೇವೆ. ಒಂದು ಲೆಕ್ಕ ಹಾಕೋಣ. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ದಾರಿಯಲ್ಲಿ ಒಂದು ಸೆಂಟಿಮೀಟರ್ ಮಣ್ಣು ಕೊಚ್ಚಿಹೋದರೆ ಅದು 3 ಘನ ಮೀಟರ್, ಅಂದರೆ ಸುಮಾರು ನಾಲ್ಕೂವರೆ ಟನ್. ಹೆಕ್ಟೇರಿನ ಲೆಕ್ಕದಲ್ಲಿ 150 ಟನ್. ನಮ್ಮ ದೇಶದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ನಿನಷ್ಟು ಮಣ್ಣು ಸವೆಯುತ್ತದೆ ಎಂಬುದು 1983ರಲ್ಲಿ ಪ್ರಕಟವಾದ ಅಂದಾಜು. ಹೊಲಕ್ಕೆ ಬದು ಹಾಕುವ ನಾವು, ಅದರ ಒಂಬತ್ತು ಪಟ್ಟು ಮಣ್ಣು ದಾರಿಯಿಂದ ಹೋಗುವುದನ್ನು ನೋಡುತ್ತ ನಿಂತಿರುತ್ತೇವೆ. ಆ ಮಣ್ಣು ಸೇರುವುದು ಕೆಳಗಿನ ಕೆರೆಯನ್ನೇ.

ಮರಳುಮಣ್ಣು ಏಕೆ ನಿಲ್ಲುವುದಿಲ್ಲ? ಮರಳಿನ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ತೇವವಿರುವಾಗ ನೀರಿನ ಪೊರೆ ಅವನ್ನು ಹಿಡಿದಿಡುತ್ತದೆ, ಒಣಗಿದೊಡನೆ ಬಿಡುತ್ತದೆ. ಅವನ್ನು ಬೆಸೆಯಲು ಜಿಗುಟು ಮಣ್ಣು ಬೇಕು. ನೂರರಲ್ಲಿ ಹತ್ತರಿಂದ ಹದಿನೈದು ಪಾಲು ಜಿಗುಟಿದ್ದರೆ ಸಾಕು.

ಈ ಪಾಲನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಗಾಜಿನ ಸೀಸೆಯಲ್ಲಿ ಅರ್ಧದಷ್ಟು ಮಣ್ಣು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಇಳಿಯುತ್ತದೆ. ನುಣುಪು ಮಣ್ಣು ಕೆಲವು ಗಂಟೆಗಳಲ್ಲಿ, ಜಿಗುಟು ಮಣ್ಣು ಒಂದು ದಿನ ಅಥವಾ ಹೆಚ್ಚು ಕಾಲದಲ್ಲಿ ಕೂರುತ್ತದೆ. ಪದರಗಳನ್ನು ಅಳೆದರೆ ಪಾಲು ಸ್ಥೂಲವಾಗಿ ತಿಳಿಯುತ್ತದೆ. ವಿದ್ಯಾರ್ಥಿಗಳು ತಮ್ಮ ಊರಿನ ಪ್ರತಿ ದಾರಿಯ ಮಣ್ಣನ್ನೂ ಹೀಗೆ ಪರೀಕ್ಷಿಸಬಹುದು.

ಜಿಗುಟು ಮಣ್ಣು ಎಲ್ಲಿದೆ? ನಿಮ್ಮ ಕೆರೆಯ ಹೂಳಿನಲ್ಲಿ. ಹೂಳಿನಲ್ಲಿ ಅರ್ಧದಷ್ಟು ಜಿಗುಟಿದ್ದರೆ, ಮೂರು ಬುಟ್ಟಿ ಮರಳುಮಣ್ಣಿಗೆ ಒಂದು ಬುಟ್ಟಿ ಹೂಳು ಸರಿಹೋಗುತ್ತದೆ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಬೆಟ್ಟದ ಮನೆಯ ದಾರಿಗೆ, ಡಾಕ್ಟರೇಟು ಪಡೆದ ಹುಮ್ಮಸ್ಸಿನಲ್ಲಿ, ಹೂಳನ್ನು ಬೆರೆಸದೆ ಗೇಣುದ್ದ ಹರಡಿಸಿದೆ. ಬೇಸಿಗೆಯಲ್ಲಿ ದಾರಿ ಕಲ್ಲಿನಂತಿತ್ತು. ಮೊದಲ ಜಡಿಮಳೆಗೆ ಕೆಸರುಗದ್ದೆಯಾಯಿತು. ಟ್ರ್ಯಾಕ್ಟರು ಎರಡು ದಿನ ಹೂತು ನಿಂತಿತು. ಮರಳು ಹೆಚ್ಚಾದರೆ ಬೇಸಿಗೆಯಲ್ಲಿ ದೂಳು, ಜಿಗುಟು ಹೆಚ್ಚಾದರೆ ಮಳೆಗಾಲದಲ್ಲಿ ಕೆಸರು. ಹದವೇ ಮುಖ್ಯ.

ಆದರೆ ಮಣ್ಣಿಗಿಂತ ಮೊದಲು ನೀರಿನ ದಾರಿಯನ್ನು ಯೋಚಿಸಬೇಕು. ಮೂರು ಮೀಟರ್ ಅಗಲದ ದಾರಿಯ ನಡುಭಾಗ ಅಂಚಿಗಿಂತ ಸುಮಾರು 6 ಸೆಂಟಿಮೀಟರ್ ಎತ್ತರವಿರಲಿ. ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾಗಿ ತಗ್ಗು ದಿಣ್ಣೆ ಹಾಕಿ, ನೀರನ್ನು ಸಣ್ಣ ಸಣ್ಣ ಪಾಲಾಗಿ ತೋಟದ ಗುಂಡಿಗಳಿಗೆ ತಿರುಗಿಸಿ. ನೀರು ಓಟ ಕಲಿಯುವ ಮೊದಲೇ ಅದನ್ನು ದಾರಿಯಿಂದ ಇಳಿಸಬೇಕು.

ಇನ್ನು ತೆಂಗಿನ ನಾರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಮಟ್ಟೆಗೆ ಕೊರತೆಯಿಲ್ಲ. ಎಷ್ಟೋ ಕಡೆ ಅದನ್ನು ಸುಟ್ಟುಬಿಡುತ್ತೇವೆ. ನಾರಿನಲ್ಲಿ ಲಿಗ್ನಿನ್ ಅಂಶ ನೂರಕ್ಕೆ 40ಕ್ಕೂ ಮಿಗಿಲು. ಆದ್ದರಿಂದಲೇ ಅದು ಮಣ್ಣಿನೊಳಗೆ ಬೇಗ ಕೊಳೆಯದೆ ಎರಡು ಮೂರು ವರ್ಷ ಬಾಳುತ್ತದೆ. ಸಮಮಾಡಿದ ನೆಲದ ಮೇಲೆ ನಾರಿನ ಹುರಿಬಲೆಯನ್ನು ಹಾಸಿ, ಅಂಚುಗಳನ್ನು ಗೇಣಿನಷ್ಟು ಒಂದರ ಮೇಲೊಂದು ಬರುವಂತೆ ಇಟ್ಟು, ಮೇಲೆ ಬೆರೆಸಿದ ಮಣ್ಣನ್ನು ಹರಡಿ ದಮ್ಮಸ್ಸು ಮಾಡಬೇಕು. ಬಲೆ ಚಕ್ರಕ್ಕೆ ತಾಗಬಾರದು. ಒಂದು ಎಚ್ಚರಿಕೆ: ನಾರಿನ ಪುಡಿಯನ್ನು ದಾರಿಗೆ ಹಾಕಬೇಡಿ. ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟು ದಾರಿಯನ್ನು ಮೆತ್ತಗಾಗಿಸುತ್ತದೆ. ಪುಡಿ ತೆಂಗಿನ ಬುಡಕ್ಕೆ, ನಾರು ದಾರಿಗೆ.

ಇದು ಬರಿಯ ಕನಸಲ್ಲ. 2020ರಲ್ಲಿ ಕೇಂದ್ರ ಸರ್ಕಾರವು ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತದಲ್ಲಿ ನಾರಿನ ಹಾಸನ್ನು ಬಳಸಲು ಒಪ್ಪಿ, ಏಳು ರಾಜ್ಯಗಳಲ್ಲಿ 1,674 ಕಿಲೋಮೀಟರ್ ರಸ್ತೆಯನ್ನು ಗುರುತಿಸಿತು. ಆ ಏಳರಲ್ಲಿ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣಗಳಿದ್ದವು, ಕರ್ನಾಟಕವಿರಲಿಲ್ಲ. ಕಲ್ಪತರು ನಾಡೆಂದು ಹೆಮ್ಮೆಪಡುವ ನಾವು ಇದನ್ನು ಗ್ರಾಮಸಭೆಯಲ್ಲಿ ಕೇಳಬೇಡವೇ?

ದಾರಿಯ ಅಂಚನ್ನು ಕಾಯುವುದು ಬೇರಿನ ಕೆಲಸ. ಗುಂಡ್ಲುಪೇಟೆಯ ಕಡೆ ರೈತರು ಹೊಲದ ಗಡಿಯಲ್ಲಿ ಲಾವಂಚವನ್ನು ಬಹುಕಾಲದಿಂದ ಬೆಳೆಸಿದ್ದಾರೆ. ಅದರ ಬೇರು ಮೂರು ಮೀಟರ್ ಆಳಕ್ಕೂ ಇಳಿಯಬಲ್ಲದು. ಮುಂಗಾರು ಹಿಡಿದಾಗ ಗೇಣಿಗೊಂದರಂತೆ ಕಂತೆ ನೆಟ್ಟರೆ ಬೇಲಿಯೂ ಆಯಿತು, ಬದುವೂ ಆಯಿತು. ಗರಿಕೆ ತಾನೇ ಬರುತ್ತದೆ. ಅದನ್ನು ಕೆತ್ತದಿದ್ದರೆ ಸಾಕು.

ದೂಳು ಅಡಗಲೆಂದು ಹಳೆಯ ಎಂಜಿನ್ ಎಣ್ಣೆ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಅದು ಮಳೆಯೊಡನೆ ನಿಮ್ಮ ಬಾವಿಗೇ ಬರುತ್ತದೆ. ಸುಣ್ಣವೂ ಜಿಗುಟಿಲ್ಲದ ಮರಳಿನಲ್ಲಿ ಹೆಚ್ಚು ಫಲ ಕೊಡದು.

ಭರಣಿ, ಕೃತ್ತಿಕೆಯ ಮಳೆಗೆ ಮಣ್ಣು ಹದವಾದಾಗ ಕೆಲಸ ಹಿಡಿಯಿರಿ. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಬೇಕು, ಕೈಗೆ ಅಂಟಬಾರದು; ಅದೇ ದಮ್ಮಸ್ಸಿನ ಹದ. ಮೊದಲು ಐವತ್ತೇ ಮೀಟರ್ ಮಾಡಿ, ಒಂದು ಮಳೆಗಾಲ ನೋಡಿ, ಆಮೇಲೆ ಮುಂದುವರಿಯಿರಿ. ಬೆಟ್ಟದ ಊರಿನ ನಾವೂ ಅಷ್ಟನ್ನೇ ಮಾಡುತ್ತೇವೆ. ಮುಂದಿನ ವರ್ಷ ಎರಡೂ ಕಡೆಯ ದಾರಿಗಳನ್ನು ಒಟ್ಟಿಗೆ ನೋಡೋಣ.