ಒಲೆಯ ಹೊಗೆ ಮತ್ತು ಹೃದಯದ ತಾಳ

(ಮಹಿಳಾ ಸ್ವ-ಸಹಾಯ ಸಂಘಗಳ ಸದಸ್ಯೆಯರ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸ)



ಹೊಗೆಯಿಂದ ಕೆಮ್ಮು ಬರ್ತದೆ, ದಮ್ಮು ಬರ್ತದೆ, ಕಣ್ಣು ಉರೀತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಲೆ ಮುಂದೆ ಕೂತವರಿಗೆ ಅದು ಗೊತ್ತೇ ಇದೆ. ಆದರೆ ಅದೇ ಹೊಗೆ ಹೃದಯದ ಬಡಿತವನ್ನೂ ಕೆಡಿಸಬಲ್ಲದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮನೆಯಲ್ಲಿ ಹೃದಯದ ಕಾಯಿಲೆ ಇರುವವರು ಯಾರಾದರೂ ಇದ್ದರೆ, ಅದು ಅತ್ತೆ-ಮಾವ ಆಗಲಿ, ಗಂಡ ಆಗಲಿ, ಅಥವಾ ನೀವೇ ಆಗಲಿ, ಈ ವಿಷಯ ತಿಳಿದಿರಲೇಬೇಕು.

ಹೃದಯಕ್ಕೆ ತಾಳ ಹಾಕುವವರು ಯಾರು?

ನಮ್ಮ ಹೃದಯ ಹೆಚ್ಚುಕಡಿಮೆ ನಮ್ಮ ಮುಷ್ಟಿಯಷ್ಟೇ ಇದೆ. ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ದಿನದ ಲೆಕ್ಕ ಹಾಕಿದರೆ ಸುಮಾರು ಒಂದು ಲಕ್ಷ ಬಡಿತ. ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಒಂದು ಚಿಕ್ಕ ಗಂಟು ಇದೆ. ಅಲ್ಲಿಂದ ಸಣ್ಣದೊಂದು ವಿದ್ಯುತ್ ಸಂಕೇತ ಹೊರಟು ಮೊದಲು ಮೇಲಿನ ಎರಡು ಕೋಣೆಗಳಿಗೆ, ಆಮೇಲೆ ಕೆಳಗಿನ ಎರಡು ಕೋಣೆಗಳಿಗೆ ಹೋಗುತ್ತದೆ. ಭಜನೆಯಲ್ಲಿ ತಾಳ ಹಾಕುವವರು ಸರಿಯಾಗಿ ಹಾಕಿದರೆ ಹಾಡು ಸರಿಯಾಗಿ ಸಾಗುತ್ತದೆ. ತಾಳ ತಪ್ಪಿದರೆ ಎಲ್ಲರ ಹಾಡೂ ಕೆಡುತ್ತದೆ. ಹೃದಯವೂ ಹಾಗೆಯೇ.

ಮೇಲಿನ ಕೋಣೆ ಬಡಿಯುವ ಬದಲು ಬರೇ ಅದುರಲು ಶುರುವಾದರೆ ರಕ್ತ ಪೂರ್ತಿ ಮುಂದೆ ಹೋಗುವುದಿಲ್ಲ. ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಕೆಳಗಿನ ಕೋಣೆಯ ತಾಳ ಪೂರ್ತಿ ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ.

ಯಾರಿಗೆ ಹೀಗಾಗುತ್ತದೆ? ಒಮ್ಮೆ ಹೃದಯಾಘಾತ ಆದವರಿಗೆ, ರಕ್ತನಾಳ ಕಟ್ಟಿಕೊಂಡವರಿಗೆ, ಬಹುಕಾಲದಿಂದ ಬಿ.ಪಿ. ಇದ್ದವರಿಗೆ. ಇನ್ನೊಂದು ಗುಂಪು ಇದೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಕೀಲುವಾತ ಜ್ವರ ಬಂದು ಹೃದಯದ ಕವಾಟ ಕೆಟ್ಟವರು. ಕವಾಟ ಕಿರಿದಾಗುವ ಈ ತೊಂದರೆ ಹೆಂಗಸರಲ್ಲೇ ಹೆಚ್ಚು, ಅದೂ ಬಡವರ ಮನೆಗಳಲ್ಲಿ. ಅವರಲ್ಲಿ ಅನೇಕರಿಗೆ ಮುಂದೆ ಮೇಲಿನ ಕೋಣೆಯ ತಾಳ ತಪ್ಪುತ್ತದೆ. ಇಂಥ ಸಹೋದರಿಯರೇ ದಿನಕ್ಕೆ ಎರಡು ಮೂರು ಗಂಟೆ ಒಲೆ ಮುಂದೆ ಇರುತ್ತಾರೆ ಎಂಬುದನ್ನು ಸ್ವಲ್ಪ ಯೋಚನೆ ಮಾಡಿ.

ಹೊಗೆ ಹೃದಯಕ್ಕೆ ಹೇಗೆ ತಲಪುತ್ತದೆ?

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಕೆಟ್ಟವು. ಇವುಗಳಿಗೆ ಪಿ.ಎಂ. 2.5 ಎಂದು ಹೆಸರು. ನಮ್ಮ ತಲೆಕೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು, ಇಲ್ಲವೇ ಅದಕ್ಕಿಂತಲೂ ಸಣ್ಣವು. ಮೂಗಿನ ಕೂದಲು ಇವನ್ನು ತಡೆಯುವುದಿಲ್ಲ. ಸೆರಗು ಮುಚ್ಚಿಕೊಂಡರೂ ಒಳಗೆ ಹೋಗುತ್ತವೆ. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತವೆ. ಅಲ್ಲಿನ ನರಗಳು ಕೆರಳಿ ಹೃದಯದ ಬಡಿತದ ಹತೋಟಿ ತಪ್ಪುತ್ತದೆ. ಮೈಯೊಳಗೆ ಉರಿಯೂತ ಏಳುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ಜೊತೆಗೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವು ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿದುಕೊಳ್ಳುತ್ತದೆ. ಗಟ್ಟಿ ಹೃದಯ ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದು. ಮೊದಲೇ ಸೋತಿರುವ ಹೃದಯ ತಡೆದುಕೊಳ್ಳುವುದು ಕಷ್ಟ.

ಇದಕ್ಕೆ ಆಧಾರವೂ ಇದೆ. ಹೃದಯದ ತಾಳ ತಪ್ಪುವ ಕೆಲವು ರೋಗಿಗಳಿಗೆ ಎದೆಯೊಳಗೆ ಒಂದು ಸಣ್ಣ ಯಂತ್ರ ಇಡುತ್ತಾರೆ. ತಾಳ ತಪ್ಪಿದ ತಕ್ಷಣ ಅದು ವಿದ್ಯುತ್ ಪೆಟ್ಟು ಕೊಟ್ಟು ಸರಿಮಾಡುತ್ತದೆ, ಯಾವಾಗ ತಪ್ಪಿತು ಎಂದೂ ಬರೆದಿಡುತ್ತದೆ. ಅಮೆರಿಕದ ಬಾಸ್ಟನ್ ಸುತ್ತಮುತ್ತ ಇಂಥ 100 ಮಂದಿಯ ಯಂತ್ರಗಳ ದಾಖಲೆಯನ್ನು ಗಾಳಿಯ ಮಾಲಿನ್ಯದ ಲೆಕ್ಕದೊಂದಿಗೆ ಹೋಲಿಸಿ ನೋಡಿ 2000ದಲ್ಲಿ ವರದಿ ಪ್ರಕಟಿಸಿದರು. ವಾಹನದ ಹೊಗೆಯ ಅನಿಲ ಹೆಚ್ಚಾದ ಒಂದೆರಡು ದಿನಗಳಲ್ಲಿ ಯಂತ್ರ ಪೆಟ್ಟು ಕೊಡುವ ಸಂಭವ ಹೆಚ್ಚಿತ್ತು. 2005ರಲ್ಲಿ 203 ರೋಗಿಗಳ ವರದಿ ಬಂತು. ಅದರಲ್ಲಿ, ಹಿಂದಿನ ಮೂರು ದಿನದೊಳಗೆ ಒಮ್ಮೆ ತಾಳ ತಪ್ಪಿದವರಿಗೇ ಕೆಟ್ಟ ಗಾಳಿಯ ತೊಂದರೆ ಹೆಚ್ಚು ಎಂದು ಕಂಡುಬಂತು. ಅಂದರೆ, ಸೋತವರನ್ನೇ ಹೊಗೆ ಮೊದಲು ಹಿಡಿಯುತ್ತದೆ.

"ಅದು ಪೇಟೆಯ ಹೊಗೆ, ನಮ್ಮದು ಹಳ್ಳಿ" ಅಂತ ನೀವು ಹೇಳಬಹುದು. ಆದರೆ ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಸೌದೆ ಉರಿಯುವಾಗ ಕಣಗಳ ಪ್ರಮಾಣ ಪೇಟೆಯ ರಸ್ತೆಗಿಂತಲೂ ಹೆಚ್ಚು ಇರಬಹುದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೃದಯದ ರಕ್ತನಾಳದ ಕಾಯಿಲೆಯಿಂದ.

ಗ್ಯಾಸ್ ಬಂದಿದೆ, ಹೊಗೆ ಹೋಗಿದೆಯಾ?

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅನೇಕ ಬಡಮನೆಗಳಿಗೆ ಹೆಂಗಸರ ಹೆಸರಿನಲ್ಲೇ ಗ್ಯಾಸ್ ಸಂಪರ್ಕ ಸಿಕ್ಕಿತು. ಒಳ್ಳೆಯದೇ. ಆದರೆ ಸಿಲಿಂಡರ್ ತುಂಬಿಸಲು ದುಡ್ಡು ಬೇಕಲ್ಲ? ಹಾಗಾಗಿ ಚಾ, ಸಾರಿಗೆ ಗ್ಯಾಸು. ಅನ್ನಕ್ಕೆ, ದನದ ಹಿಂಡಿ ಬೇಯಿಸಲಿಕ್ಕೆ ಸೌದೆ. ಬಚ್ಚಲಿನ ಹಂಡೆ ಒಲೆ ಅಂತೂ ಯಾವಾಗಲೂ ಹೊಗೆಯಾಡುತ್ತಲೇ ಇರುತ್ತದೆ. ತೆಂಗಿನ ಗರಿ, ಅಡಿಕೆ ಸಿಪ್ಪೆ, ಕೊನೆಗೆ ಪ್ಲಾಸ್ಟಿಕ್ ಕವರ್ ಕೂಡ ಅದಕ್ಕೆ ಹಾಕುತ್ತಾರೆ. ದಯವಿಟ್ಟು ಪ್ಲಾಸ್ಟಿಕ್ ಮಾತ್ರ ಹಾಕಬೇಡಿ. ಅದರ ಹೊಗೆ ಸೌದೆಯ ಹೊಗೆಗಿಂತ ಕೆಟ್ಟದು.

ಇನ್ನು ಸೊಳ್ಳೆಬತ್ತಿ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಒಂದು ಅಧ್ಯಯನ ಹೇಳಿದೆ. ಬೀಡಿ ಸೇದದ ಅಜ್ಜಿಯ ಕೋಣೆಯಲ್ಲಿ ರಾತ್ರಿಯಿಡೀ ಬತ್ತಿ ಹಚ್ಚಿ ಕಿಟಕಿ ಹಾಕಿದರೆ ಏನಾಗುತ್ತದೆ ನೀವೇ ಹೇಳಿ. ಸೊಳ್ಳೆಪರದೆ ಕಟ್ಟಿ. ಅದಕ್ಕೆ ಹೊಗೆ ಇಲ್ಲ.

ಏನು ಮಾಡಬಹುದು?

ಒಂದು: ಹೃದಯದ ಕಾಯಿಲೆಯವರನ್ನು ಒಲೆಯಿಂದ ದೂರ ಇಡಿ. ಚಳಿ ಅಂತ ಅಜ್ಜನನ್ನು ಒಲೆ ಪಕ್ಕ ಕೂರಿಸಬೇಡಿ. ಇನ್ನೊಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಗಂಡನಿಗೆ ಹೃದಯದ ಆಪರೇಷನ್ ಆದರೆ ಮೂರು ತಿಂಗಳು ವಿಶ್ರಾಂತಿ. ಹೆಂಡತಿಗೆ ಆದರೆ? ಹೊಲಿಗೆ ಒಣಗುವ ಮೊದಲೇ ಒಲೆ ಊದಲಿಕ್ಕೆ ಕೂರುತ್ತಾಳೆ. ಇದು ಮೊದಲು ಬದಲಾಗಬೇಕು. ಗಂಡುಮಕ್ಕಳು ಅನ್ನ ಬೇಯಿಸಿದರೆ ಅದೇನೂ ಬೇಯದೆ ಉಳಿಯುವುದಿಲ್ಲ.

ಎರಡು: ಸಾಧ್ಯವಾದಷ್ಟು ಗ್ಯಾಸ್ ಅಥವಾ ಕರೆಂಟಿನ ಒಲೆ ಬಳಸಿ. ಸೌದೆ ಬಿಡಲಾಗದಿದ್ದರೆ ಚಿಮಣಿ ಇರುವ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ಶುರುವಾದ ಆಸ್ತ್ರ ಕೇಂದ್ರದವರು ರೂಪಿಸಿದ ಆಸ್ತ್ರ ಒಲೆ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇದ್ದಿರಬಹುದು. ಅದರಲ್ಲಿ ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಕೊಳವೆಯಿಂದ ಹೊರಗೆ. ಆದರೆ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ವಾಪಸು ಒಳಗೇ ಬರುತ್ತದೆ. ಹಸಿ ಸೌದೆ ಬೇಡ, ಚೆನ್ನಾಗಿ ಒಣಗಿದ್ದು ಹಾಕಿ. ಕಿಟಕಿ ತೆರೆದಿಡಿ. ಚಿಮಣಿಯಿಂದ ಹೊಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಮೂರು: ನಾಡಿ ನೋಡಲು ಕಲಿಯಿರಿ. ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಮೂರು ಬೆರಳು ಇಡಿ. ಹೆಬ್ಬೆರಳಿನಿಂದ ನೋಡಬೇಡಿ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಸಂಖ್ಯೆ ಎಷ್ಟು ಎಂಬುದರ ಜೊತೆಗೆ, ಬಡಿತ ಒಂದೇ ಸಮನೆ ಇದೆಯಾ, ಬಿಟ್ಟು ಬಿಟ್ಟು ಬರುತ್ತದಾ ನೋಡಿ. ಲೆಕ್ಕವಿಲ್ಲದ ಹಾಗೆ ಏರುಪೇರು ಇದ್ದರೆ, ಪದೇಪದೇ ಎದೆ ಡವಡವ ಅಂದರೆ ಡಾಕ್ಟರರ ಹತ್ತಿರ ಹೋಗಿ ಇ.ಸಿ.ಜಿ. ಮಾಡಿಸಿ. ಹೆದರಬೇಡಿ, ಎದೆ ಡವಡವ ಎಂದದ್ದೆಲ್ಲ ಹೃದಯದ ಕಾಯಿಲೆ ಅಲ್ಲ. ರಕ್ತಹೀನತೆಯಿಂದಲೂ, ಥೈರಾಯ್ಡಿನಿಂದಲೂ ಹಾಗಾಗುತ್ತದೆ. ಅದನ್ನೂ ಪರೀಕ್ಷೆ ಮಾಡಿಸಬೇಕು.

ನಾಲ್ಕು: ಮಾತ್ರೆ ಬಿಡಬೇಡಿ. ಹೊಗೆ ಕಡಿಮೆ ಮಾಡಿದೆವು, ಇನ್ನು ಮಾತ್ರೆ ಬೇಡ ಎಂದು ತಿಳಿಯುವುದು ತಪ್ಪು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು, ಕವಾಟದ ಕಾಯಿಲೆಗೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ಡಾಕ್ಟರು ಹೇಳದೆ ನಿಲ್ಲಿಸಬಾರದು.

ಐದು: ಎದೆನೋವು, ಒಮ್ಮೆಲೇ ಪ್ರಜ್ಞೆ ತಪ್ಪುವುದು, ಉಸಿರು ಕಟ್ಟುವುದು, ಬಾಯಿ ಸೊಟ್ಟ ಆಗುವುದು, ಮಾತು ತೊದಲುವುದು, ಒಂದು ಕೈಯಲ್ಲಿ ಬಲ ಇಲ್ಲದಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಸಂಘದ ಕೆಲಸ

ಇದೆಲ್ಲ ಒಬ್ಬಳಿಂದ ಆಗದು, ಸಂಘದಿಂದ ಆಗುತ್ತದೆ. ಮದುವೆಗೆ, ದನ ಕೊಳ್ಳಲಿಕ್ಕೆ, ಮಕ್ಕಳ ಫೀಸಿಗೆ ಸಾಲ ಕೊಡುತ್ತೀರಿ. ಸಿಲಿಂಡರ್ ತುಂಬಿಸಲಿಕ್ಕೆ, ಚಿಮಣಿ ಹಾಕಿಸಲಿಕ್ಕೆ ಸಣ್ಣ ಸಾಲ ಯಾಕೆ ಕೊಡಬಾರದು? ಕಂತು ಕಟ್ಟುವುದು ನಿಮಗೆ ಹೊಸತಲ್ಲ. ಮುಂದಿನ ಸಭೆಯಲ್ಲಿ ಇದನ್ನು ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಹೃದಯದ ಕಾಯಿಲೆ ಇರುವವರ ಮನೆಗೆ ಮೊದಲ ಸರದಿ ಕೊಡಿ. ತಿಂಗಳಿಗೊಮ್ಮೆ ಉಳಿತಾಯದ ಲೆಕ್ಕ ಆದ ಮೇಲೆ ಐದು ನಿಮಿಷ ಎಲ್ಲರೂ ನಾಡಿ ನೋಡಿಕೊಳ್ಳಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಪೋಪ್ ಫ್ರಾನ್ಸಿಸರು 2015ರಲ್ಲಿ 'ಲೌದಾತೋ ಸಿ' ಎಂಬ ವಿಶ್ವಪತ್ರ ಬರೆದಾಗ ಅಡುಗೆಯ ಉರುವಲಿನ ಹೊಗೆಯಿಂದ ಜನ ಕಾಯಿಲೆ ಬೀಳುವುದನ್ನೂ ಅದರಲ್ಲಿ ಪ್ರಸ್ತಾಪಿಸಿದ್ದರು. ಅಡುಗೆಮನೆಯ ಹೊಗೆ ಅಷ್ಟು ಸಣ್ಣ ವಿಷಯವಲ್ಲ. ನಮ್ಮ ಸಂಘಗಳಲ್ಲಿ ಎಲ್ಲಾ ಜಾತಿ, ಧರ್ಮದ ಸಹೋದರಿಯರು ಇದ್ದೀರಿ. ಹೊಗೆ ಯಾರ ಧರ್ಮವನ್ನೂ ಕೇಳುವುದಿಲ್ಲ. ದೇವರು ಕೊಟ್ಟ ಉಸಿರು ಎಲ್ಲರಿಗೂ ಒಂದೇ. ಮನೆಮಂದಿಯ ಹೊಟ್ಟೆ ತುಂಬಿಸುವ ಕೆಲಸದಲ್ಲಿ ಯಾವ ತಾಯಿಯ ಎದೆಬಡಿತವೂ ಕೆಡದಿರಲಿ ಎಂದು ಹಾರೈಸುತ್ತೇನೆ.