ಬಿರುಗಾಳಿಯ ಮುನ್ಸೂಚನೆಯನ್ನು ಎಷ್ಟು ನಂಬಬೇಕು?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಮಾರ್ಚಿಯಿಂದ ಮೇ ವರೆಗೆ ಮಧ್ಯಾಹ್ನದ ಮೇಲೆ ಗುಡುಗಿನೊಡನೆ ಬಿರುಗಾಳಿ ಏಳುವುದು ಹೊಸದಲ್ಲ. 2014ರ ಮಾರ್ಚಿಯಲ್ಲಿ ಆಲಿಕಲ್ಲು ಮಳೆ ಈ ಜಿಲ್ಲೆಯ ದ್ರಾಕ್ಷಿ, ದಾಳಿಂಬೆ ತೋಟಗಳನ್ನು ಹಾಳುಮಾಡಿತು. ಎಚ್ಚರಿಕೆ ಕೊಟ್ಟ ದಿನ ಗಾಳಿ ಬರಲಿಲ್ಲ, ಕೊಡದ ದಿನ ತಗಡು ಹಾರಿತು ಎಂಬ ದೂರು ಇಲ್ಲಿ ಸಾಮಾನ್ಯ. ದೂರಿನಲ್ಲಿ ಹುರುಳಿಲ್ಲದಿಲ್ಲ.

ಬಂಗಾಳ ಕೊಲ್ಲಿಯ ಚಂಡಮಾರುತ ನೂರಾರು ಕಿ.ಮೀ. ಅಗಲವಿರುವುದರಿಂದ ಉಪಗ್ರಹಕ್ಕೆ ದಿನಗಟ್ಟಲೆ ಮುಂಚೆಯೇ ಕಾಣುತ್ತದೆ. ಬೇಸಿಗೆಯ ಗುಡುಗು ಮೋಡ ಹಾಗಲ್ಲ. ಅದು ಹುಟ್ಟಿ, ಬಲಿತು, ಕರಗಲು ಸುಮಾರು ಒಂದು ತಾಸು ಸಾಕು. ಮೋಡದಿಂದ ಬೀಳುವ ಹನಿ ಕೆಳಗಿನ ಒಣ ಹವೆಯಲ್ಲಿ ಆವಿಯಾಗುವಾಗ ಹವೆ ತಣ್ಣಗಾಗಿ, ಭಾರವಾಗಿ, ರಭಸದಿಂದ ಕೆಳಗಿಳಿದು ನೆಲಕ್ಕೆ ತಾಗಿ ಸುತ್ತಲೂ ಹರಡುತ್ತದೆ. ಮಳೆಗೆ ಮುಂಚೆ ನುಗ್ಗುವ ತಂಪಾದ ಧೂಳುಗಾಳಿ ಇದೇ. ಯಾವ ಊರಿನ ಹೊಲದ ಮೇಲೆ ಅದು ಇಳಿಯುವುದೆಂದು ಹಿಂದಿನ ದಿನವೇ ಹೇಳುವ ವಿದ್ಯೆ ಇನ್ನೂ ಬಂದಿಲ್ಲ. ರಾಡಾರಿಗೂ ಮಿತಿಯುಂಟು. ಭೂಮಿ ಗುಂಡಗಿರುವುದರಿಂದ 200 ಕಿ.ಮೀ. ದೂರಕ್ಕೆ ಅದರ ಕಿರಣ ನೆಲದಿಂದ ಸುಮಾರು 4 ಕಿ.ಮೀ. ಮೇಲಿರುತ್ತದೆ, ಕೆಳಗಿನ ಗಾಳಿ ಅದಕ್ಕೆ ಕಾಣದು.

ಹವಾಮಾನ ಇಲಾಖೆಯ ಮಾತಿನಲ್ಲಿ ಮಳೆ ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25 ಅಥವಾ ಅದಕ್ಕೂ ಕಡಿಮೆ. ಅಂದು ಮುಕ್ಕಾಲು ಪಾಲು ಕೇಂದ್ರಗಳು ಒಣಗಿದ್ದರೂ ಮುನ್ಸೂಚನೆ ಸುಳ್ಳಾಗಲಿಲ್ಲ. ವಿಸ್ತರಣಾ ಕಾರ್ಯಕರ್ತರು ಸುದ್ದಿ ಮುಟ್ಟಿಸುವಾಗ ಈ ಎರಡು ಶಬ್ದಗಳನ್ನು ಬಿಡಬಾರದು. ‘ಬರಬಹುದು’ ಎಂಬುದು ಊರು ಮುಟ್ಟುವಷ್ಟರಲ್ಲಿ ‘ಬರುತ್ತದೆ’ ಎಂದಾಗುತ್ತದೆ. ಮರುದಿನ ಯಾರೂ ನಂಬುವುದಿಲ್ಲ.

ಹಾಗಾದರೆ ರೈತರು ಏನು ಮಾಡಬೇಕು? ಖರ್ಚು ನೋಡಿ ನಿರ್ಧರಿಸಬೇಕು. ಬಾಳೆಗೆ ಊರೆಗೋಲು, ಕಣಿಕೆಯ ಬಣವಿಗೆ ಹಗ್ಗ, ಔಷಧ ಸಿಂಪರಣೆ ಮುಂದೂಡುವುದು, ಬಲಿತ ಲಿಂಬೆಯನ್ನು ಒಂದು ದಿನ ಮುಂಚೆ ಕೀಳುವುದು, ಇವುಗಳಿಗೆ ಹೆಚ್ಚು ಖರ್ಚಿಲ್ಲ. ಹಿಂದಿನ ದಿನದ ಎಚ್ಚರಿಕೆಗೇ ಮಾಡಬಹುದು. ತಗಡನ್ನು ತಂತಿಯಿಂದ ಬಿಗಿಯುವುದೂ ಅಂಥದೇ. ಗಾಳಿಯ ವೇಗ ಗಂಟೆಗೆ 30ರಿಂದ 60 ಕಿ.ಮೀ.ಗೆ ಏರಿದರೆ ತಗಡಿನ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಆದರೆ ಮಣೂಕದ ಶೆಡ್ಡಿನ ಮಾತು ಬೇರೆ. ದಿನವಿಡೀ ತಾಡಪತ್ರಿ ಮುಚ್ಚಿದರೆ ಗಾಳಿಯಾಡದೆ ಒಣಗುವುದು ತಡವಾಗಿ ಬಣ್ಣ ಕಂದುತ್ತದೆ. ತಾಡಪತ್ರಿಯನ್ನು ಕಟ್ಟಿಟ್ಟುಕೊಂಡು, ಮುಂದಿನ 3 ತಾಸಿನ ಸೂಚನೆ ಬಂದಾಗ ಅಥವಾ ಮೋಡ ಕಪ್ಪಾಗಿ ಎದ್ದಾಗ ಇಳಿಬಿಡುವುದು ಲೇಸು.

ಜೀವದ ವಿಷಯದಲ್ಲಿ ಮಾತ್ರ ಈ ಲೆಕ್ಕ ಸಲ್ಲದು. ಎಚ್ಚರಿಕೆ ಇರಲಿ ಬಿಡಲಿ, ಗುಡುಗು ಕೇಳಿದೊಡನೆ ಆಳುಗಳನ್ನು ಮರದ ಕೆಳಗಲ್ಲ, ತಗಡಿನ ಗುಡಿಸಲಿಗೂ ಅಲ್ಲ, ಗಟ್ಟಿ ಮನೆಗೆ ಕಳಿಸಬೇಕು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊಲಕ್ಕಿಳಿಯಬಾರದು.